ಬಾಗಿಲು ತೆಗೆಯದವಳ ಸಿನಿಮಾ

ಗಂಜಿ ಹಾಕಿದ ನೂಲಿನ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಮೈ ಬಿಸಿಯಾಗುತ್ತದೆ. ಹೋದ ತಿಂಗಳು ಗಜೇಂದ್ರಗಡಕ್ಕೆ ಒಂದು ಮದುವೆಗೆ ಹೋಗಿದ್ದೆ. ಮದುವೆ ನಡೆದದ್ದು ಒಂದು ಕಾಲಕ್ಕೆ ನಾನು ಮ್ಯಾನೇಜರನಾಗಿದ್ದ ಟಾಕೀಸಿನಲ್ಲಿ. ಈಗ ಅದು ಕಲ್ಯಾಣ ಮಂಟಪ. ಪರದೆ ಇದ್ದಲ್ಲಿ ಮದುಮಕ್ಕಳ ಕುರ್ಚಿ, ಪ್ರೊಜೆಕ್ಟರ್ ಕೋಣೆಯಲ್ಲಿ ಅಡುಗೆಯವರ ಹಂಡೆ. ಕೈ ತೊಳೆಯಲು ಹೊರಗೆ ಬಂದಾಗ ಪಕ್ಕದ ನೇಕಾರರ ಓಣಿಯಿಂದ ಆ ವಾಸನೆ ಬಂತು. ಎದುರಿಗೇ ಹೆಂಗಸರ ಕಡೆಯ ಬಾಗಿಲು, ಕದ ತೆರೆದೇ ಇತ್ತು. ಬಣ್ಣ ಬದಲಾಗಿತ್ತು, ಒಳಬದಿಯ ಕಬ್ಬಿಣದ ಚಿಲಕ ಮಾತ್ರ ಅದೇ. ಒದ್ದೆ ಕೈಯಲ್ಲೇ ಅದನ್ನೊಮ್ಮೆ ಮುಟ್ಟಿ ನೋಡಿದೆ.

ಊರ ಗುಡ್ಡದ ಮೇಲೆ ಗಾಳಿಯಂತ್ರದ ಕಂಬಗಳು ಒಂದೊಂದಾಗಿ ಏಳುತ್ತಿದ್ದ ವರ್ಷದ ಬೇಸಿಗೆ ಅದು. ನಾನು ರೋಣದಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿ ಕೂತು ಉಣ್ಣುತ್ತಿದ್ದೆ. ನರಗುಂದದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ನನ್ನ ಸೋದರಮಾವ ಈ ಟಾಕೀಸನ್ನೂ ಇಟ್ಟುಕೊಂಡಿದ್ದ. "ಹೆಂಗಿದ್ರೂ ದಿನಾ ಸಿನಿಮಾ ನೋಡ್ತಿ. ಅಲ್ಲೇ ಕುಂತು ನೋಡು," ಎಂದು ನನ್ನನ್ನು ಗಜೇಂದ್ರಗಡಕ್ಕೆ ಅಟ್ಟಿದ. ಸಿನಿಮಾ ಬಗ್ಗೆ ನನಗೆಲ್ಲ ಗೊತ್ತು ಎಂಬ ಸೊಕ್ಕು ಆಗ ನನಗಿತ್ತು. ಜನರ ಬಗ್ಗೆ ಏನೂ ಗೊತ್ತಿರಲಿಲ್ಲ.

ಟಾಕೀಸಿನ ಬಗಲಿನ ಓಣಿಯಲ್ಲೇ ಜೈತುನಬಿಯ ಮನೆ. ನಾಟಕ ಕಂಪನಿಗಳಲ್ಲಿ ಮೂವತ್ತು ವರ್ಷ ಮುಖಕ್ಕೆ ಬಣ್ಣ ಹಚ್ಚಿದವಳು. ಕಂಪನಿಗಳು ಒಂದೊಂದಾಗಿ ಡೇರೆ ಕಿತ್ತ ಮೇಲೆ ಹಳ್ಳಿಯ ಹವ್ಯಾಸಿಗಳು ಆಡುವ ನಾಟಕಗಳಿಗೆ ಹೆಣ್ಣು ಪಾತ್ರಕ್ಕೆ ಹೋಗುತ್ತಿದ್ದಳು. ಊರ ಹಿರಿಯರು ಮನೆಗೆ ಬಂದು ಆಕೆಯ ಕೈಗೆ ವೀಳ್ಯ ಕೊಡುತ್ತಿದ್ದರು. ಎಲೆ ಅಡಿಕೆ ಕೈಗೆ ಬಿತ್ತೆಂದರೆ ಮಾತು ಮುಗಿದಂತೆ, ಅದನ್ನು ಹಿಂದಕ್ಕೆ ಪಡೆಯುವುದೆಂದರೆ ಮುಖಕ್ಕೆ ಮಸಿ ಬಳಿದಂತೆ. ಘಟವಾಣಿ ಅತ್ತೆಯ ಪಾತ್ರದಲ್ಲಿ ಆಕೆಗೆ ಸರಿಸಾಟಿ ಇರಲಿಲ್ಲ. ಸೊಸೆಯ ಕೈಗೆ ಬರೆ ಹಾಕುವ ದೃಶ್ಯದಲ್ಲಿ ಮುದುಕಿಯರು ಎದ್ದು ನಿಂತು ಶಾಪ ಹಾಕುತ್ತಿದ್ದರು. ಕೊನೆಯ ದೃಶ್ಯದಲ್ಲಿ ಅತ್ತೆ ಸೊಸೆಯ ಕಾಲು ಹಿಡಿಯುತ್ತಿದ್ದಳು. ಆಮೇಲೆ ಎಲ್ಲ ಪಾತ್ರಧಾರಿಗಳೂ ಸಾಲಾಗಿ ನಿಂತು ಮಂಗಳ ಹಾಡುವಾಗ ಜೈತುನಬಿ ಎಲ್ಲರಿಗಿಂತ ಮುಂದೆ ಕೈ ಮುಗಿದು ನಿಲ್ಲುತ್ತಿದ್ದಳು. ಶಾಪ ಹಾಕಿದ ಅದೇ ಮುದುಕಿಯರು ರಂಗದ ಮೇಲೆ ಹತ್ತಿ ಆಕೆಗೆ ಕುಪ್ಪಸದ ಕಣವನ್ನು ಉಡುಗೊರೆಯಾಗಿ ಆಯೇರಿ ಮಾಡಿ, ಮೈಕಿನಲ್ಲಿ ತಮ್ಮ ಹೆಸರು ಹೇಳಿಸಿಕೊಂಡು ಇಳಿಯುತ್ತಿದ್ದರು.

ಹಿಂದಿನ ಚಳಿಗಾಲದಲ್ಲಿ ಧಾರವಾಡದ ಕಡೆಯ ಹುಡುಗನೊಬ್ಬ ಚಿಕ್ಕನರಗುಂದದ ಒಂದು ಹಳೆಯ ಮನೆಯಲ್ಲಿ ಸಿನಿಮಾ ತೆಗೆದಿದ್ದ. ಮುಖ್ಯ ಪಾತ್ರ ಜೈತುನಬಿಯದು. ಆ ಸಿನಿಮಾದ ಹೆಸರು ಈಗ ಯಾರಿಗೂ ನೆನಪಿಲ್ಲ, ನಾನೂ ಹೇಳಲು ಹೋಗುವುದಿಲ್ಲ. ನಮ್ಮೂರ ಹೆಣ್ಣುಮಗಳ ಸಿನಿಮಾ ಎಂದು ಆಟೋದಲ್ಲಿ ಭೋಂಗಾ ಕಟ್ಟಿ ನಾನೇ ಕೂಗಿಸಿದೆ. ಶುಕ್ರವಾರ ಮೊದಲ ಆಟಕ್ಕೆ ಕಾಲಿಡಲು ಜಾಗವಿರಲಿಲ್ಲ.

ಕಥೆ ಸಣ್ಣದು. ಗಂಡ ಸತ್ತ ಒಬ್ಬ ಹೆಂಗಸು. ನೆರೆಯವರೊಡನೆ ಜಗಳವಾಡುತ್ತಾಳೆ, ಆಳಿನ ಕೂಲಿ ಕಡಿಯುತ್ತಾಳೆ, ದೇವರ ಮುಂದೆಯೂ ಲೆಕ್ಕಾಚಾರ ಬಿಡುವುದಿಲ್ಲ. ಕೊನೆಗೊಂದು ಸಂಜೆ, ಗಂಡನ ಏಟು ತಿಂದ ಮಗಳು ಬಟ್ಟೆಯ ಗಂಟು ಹಿಡಿದು ತವರಿನ ಬಾಗಿಲು ಬಡಿಯುತ್ತಾಳೆ. ತಾಯಿ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂದು ತನಗೆ ತಾನೇ ಹೇಳಿಕೊಂಡು ಗಂಗಾಳದ ಮುಂದೆ ಕೂರುತ್ತಾಳೆ. ಹೊರಗೆ ಬಾಗಿಲು ಬಡಿಯುತ್ತಲೇ ಇರುತ್ತದೆ. ಆಕೆ ರೊಟ್ಟಿ ಮುರಿದು ಅರ್ಧ ತಿಂದು, ಉಳಿದ ಅರ್ಧದ ಮೇಲೆ ತಾಟು ಮುಚ್ಚುತ್ತಾಳೆ. ಬಡಿತ ನಿಲ್ಲುತ್ತದೆ. ಬೆಳಗ್ಗೆ ಬಾಗಿಲು ತೆಗೆದರೆ ಹೊರಗೆ ಯಾರೂ ಇಲ್ಲ. ಆಕೆ ಅಂಗಳ ಗುಡಿಸುತ್ತಾಳೆ. ಅಷ್ಟೇ. ಸಿಡಿಲು ಬಡಿಯುವುದಿಲ್ಲ, ಹುಚ್ಚು ಹಿಡಿಯುವುದಿಲ್ಲ, ಮಗಳ ಹೆಣ ಬಾವಿಯಲ್ಲಿ ತೇಲುವುದಿಲ್ಲ.

ಆ ದಿನ ಆಟ ಬಿಟ್ಟಾಗ ಸೀಟಿ ಇಲ್ಲ, ಗದ್ದಲ ಇಲ್ಲ. ಜನ ಸಾವಿನ ಮನೆಯಿಂದ ಹೊರಟಂತೆ ತಲೆ ತಗ್ಗಿಸಿ ಹೊರಟರು. ಬಾಗಿಲಲ್ಲಿ ನಿಂತು ಹ್ಯಾಗಿತ್ತೆಂದು ಕೇಳಿದೆ.

"ಫ್ಯಾನ್ ತಿರಗಂಗಿಲ್ರಿ," ಎಂದ ಒಬ್ಬ.

"ಪರದಿ ಮಬ್ಬ ಆಗೇತಿ. ಏನೂ ಕಾಣಂಗಿಲ್ಲ," ಎಂದ ಇನ್ನೊಬ್ಬ.

ನಾನೆಂಥ ಹುಂಬ ನೋಡಿ, ಅದನ್ನು ನಂಬಿದೆ. ಮರುದಿನ ಫ್ಯಾನುಗಳಿಗೆ ಎಣ್ಣೆ ಬಿಡಿಸಿದೆ, ಪ್ರೊಜೆಕ್ಟರಿನ ಗಾಜು ಒರೆಸಿದೆ, ಇಬ್ಬರನ್ನು ಏಣಿ ಹತ್ತಿಸಿ ಪರದೆ ತೊಳೆಸಿದೆ. ಶನಿವಾರ ಅರ್ಧ ಟಾಕೀಸು. ಬಂದವರಲ್ಲೂ ಅರ್ಧ ಜನ ಆ ರೊಟ್ಟಿಯ ದೃಶ್ಯಕ್ಕೆ ಎದ್ದು ಹೋದರು. ಭಾನುವಾರ ಬೆರಳೆಣಿಕೆಯ ಮಂದಿ. ಬುಧವಾರದ ಹೊತ್ತಿಗೆ ನಾವು ಫ್ಯಾನು ಹಾಕುವುದನ್ನೇ ಬಿಟ್ಟೆವು. ಮಾವ ನರಗುಂದದಿಂದ ಫೋನು ಮಾಡಿ, "ಇನ್ನೊಂದು ವಾರ ನೋಡ್ತೀನಿ. ಮುಂದಿನ ಶುಕ್ರವಾರ ರೀಲಿನ ಡಬ್ಬಿ ಹುಬ್ಬಳ್ಳಿ ಬಸ್ ಹತ್ತಬೇಕು," ಎಂದ.

ಅದೇ ಓಣಿಯ ಹೆಂಗಸರು ಸಂಜೆಯಾದರೆ ಟಿ.ವಿ. ಮುಂದೆ ಕೂರುತ್ತಿದ್ದರು. ಅಲ್ಲೊಬ್ಬಳು ಅತ್ತೆ ಹಾಲಿಗೆ ವಿಷ ಹಾಕುತ್ತಿದ್ದಳು, ವರ್ಷವಿಡೀ ಹಾಕುತ್ತಲೇ ಇದ್ದಳು. ಅವಳನ್ನು ಕಂಡರೆ ಇವರಿಗೆ ಏನು ಅಕ್ಕರೆ. ಕೆಟ್ಟವರನ್ನು ಜನ ನೋಡುವುದಿಲ್ಲ ಎನ್ನುವುದು ಶುದ್ಧ ಸುಳ್ಳು. ಟಿ.ವಿ.ಯವಳು ಹಾವಿನಂಥ ಕುಂಕುಮ ಇಟ್ಟು, ಮೈ ತುಂಬ ಬಂಗಾರ ಹೇರಿಕೊಂಡಿರುತ್ತಿದ್ದಳು. ಅಂಥವಳು ಯಾರ ಮನೆಯಲ್ಲೂ ಇಲ್ಲ, ಹಾಗಾಗಿ ನೋಡಬಹುದು. ನಮ್ಮ ಸಿನಿಮಾದವಳು ನೂಲಿನ ಸೀರೆ ಉಟ್ಟು ರೊಟ್ಟಿ ಬಡಿಯುತ್ತಿದ್ದಳು. ಅಂಥವಳು ಎಲ್ಲರ ಮನೆಯಲ್ಲೂ ಇದ್ದಳು. ಕತ್ತಲಲ್ಲಿ ಅವಳನ್ನು ನೋಡಿ ಮನೆಗೆ ಹೋದರೆ, ಅದೇ ಬೆನ್ನು, ಅದೇ ಒಲೆ. ಅದನ್ನು ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಫ್ಯಾನು ತಿರುಗುವುದಿಲ್ಲ ಎನ್ನಬಹುದು.

ಟಾಕೀಸಿನಲ್ಲಿ ಎಲ್ಲ ಆಟಗಳನ್ನೂ ನೋಡಿದವಳು ಒಬ್ಬಳೇ, ನೀಲವ್ವ. ಹೆಂಗಸರ ಕಡೆಯ ಬಾಗಿಲು ಕಾಯುವವಳು. ಆಟ ಸುರುವಾದ ಕೂಡಲೇ ಒಳಗಿನಿಂದ ಚಿಲಕ ಹಾಕಿ, ಪುಂಡರು ನುಗ್ಗದಂತೆ ಅದಕ್ಕೆ ಬೆನ್ನು ಕೊಟ್ಟು ಕೂರುವುದು ಅವಳ ಕೆಲಸ. ಯಾವ ಕಾಲದಲ್ಲೋ ಯಾವ ಊರಿಂದಲೋ ಬಂದವಳು. ಒಂಟಿ. ಎಂಥ ಸಿನಿಮಾ ಇದ್ದರೂ ಹೆಸರು ಬೀಳುವಷ್ಟರಲ್ಲಿ ಅವಳಿಗೆ ಗೊರಕೆ. ಈ ಸಿನಿಮಾಕ್ಕೆ ಮಾತ್ರ ನಿದ್ದೆ ಮಾಡಲಿಲ್ಲ. ಕೊನೆಯ ಭಾಗಕ್ಕೆ ಎದ್ದು ನಿಲ್ಲುತ್ತಿದ್ದಳು. ನಾನು ನೋಡಿದ್ದೆ, ಆದರೆ ಕೇಳಲಿಲ್ಲ. ನನ್ನ ತಲೆಯಲ್ಲಿ ಬೇರೆ ಚಿಂತೆ ತುಂಬಿತ್ತು.

ಗುರುವಾರ ಸವಡಿಯಿಂದ ಶಂಕ್ರಗೌಡರು ಬಂದರು. ಮುಂಗಾರು ಬೀಳುವ ಮೊದಲು ಸವಡಿಯಲ್ಲಿ ಆಡುವ ನಾಟಕದ ಹಿರಿಯರು ಅವರೇ. ಅದರಲ್ಲಿ ತಾಯಿಯ ಪಾತ್ರ ಜೈತುನಬಿಯದು. ಘಟವಾಣಿಯಲ್ಲ, ಮಗನಿಗಾಗಿ ಪ್ರಾಣ ಬಿಡುವ ಸಾಧ್ವಿ. ಯುಗಾದಿಗೇ ವೀಳ್ಯ ಕೊಟ್ಟಾಗಿತ್ತು. ಗೌಡರು ಒಳ್ಳೆಯ ಮನುಷ್ಯ, ಆದ್ದರಿಂದ ಸೀದಾ ಆಕೆಯ ಮನೆಗೆ ಹೋಗಲಾರದೆ ನನ್ನ ಕೋಣೆಗೆ ಬಂದು ಕೂತು, ಒಂದು ಲೋಟ ನೀರನ್ನು ಭಾಳ ಹೊತ್ತು ಕುಡಿದರು.

"ನಮ್ಮೂರ ಹೆಣ್ಮಕ್ಳು ಈ ಪಿಚ್ಚರ್ ನೋಡಿ ಬಂದಾರ್ರಿ," ಎಂದರು. "ಆಕೀ ತಾಯಿ ಪಾರ್ಟ್ ಮಾಡಿದ್ರ ನಾವು ನಾಟಕಕ್ಕ ಬರೂದಿಲ್ಲ ಅಂತಾರ. ಆಕೀ ಬಾಯಾಗ 'ಮಗನ' ಅಂತ ಬಂದ್ರ ಮೈ ಉರೀತೈತಿ ಅಂತಾರ. ನಾ ಹ್ಯಾಂಗ ಮಾಡ್ಲಿ?"

"ಅದು ಬರೇ ಪಾತ್ರ ಅಲ್ಲೇನ್ರೀ ಗೌಡ್ರ. ಆಕೀ ಮೂವತ್ತು ವರ್ಷ ಇಂಥಾವ ಮಾಡ್ಯಾಳ."

"ನಾಟಕದಾಗ ಮಾಡಿದ್ದು ಬ್ಯಾರೆ. ಅಲ್ಲಿ ಕಡೀಕ ಕಾಲಿಗೆ ಬೀಳ್ತಿದ್ಲು, ಮಂಗಳಕ್ಕ ಕೈ ಮುಗದ ನಿಲ್ತಿದ್ಲು. ಇಲ್ಲಿ ಉಂಡು ಕೈ ತೊಳದು ಮಲಗಿದ್ಲು. ನೀವ ಆಕೀಗೆ ತಿಳಿಸಿ ಹೇಳ್ರಿ, ವೀಳ್ಯಾ ತಿರುಗಿ ಕೇಳಾಕ ನನಗ ಬಾಯಿ ಬರವಲ್ದು."

ಆಗ ನನಗೆ ಆ ಯೋಚನೆ ಬಂತು. ಗೌಡರೇ ಅದನ್ನು ಹೇಳಿಕೊಟ್ಟಿದ್ದರು. ಸಿನಿಮಾಕ್ಕೆ ಮಂಗಳವಿಲ್ಲ, ಬೆಳಕು ಬಂದೊಡನೆ ಪರದೆ ಬಿಳಿ, ಕೆಟ್ಟವಳು ಕೆಟ್ಟವಳಾಗಿಯೇ ಉಳಿದಳು. ಅದಕ್ಕೊಂದು ಮಂಗಳ ಮಾಡಿದರೆ? ಭಾನುವಾರ ಮಧ್ಯಾಹ್ನದ ಆಟದ ಕೊನೆಗೆ ಜೈತುನಬಿ ಪರದೆಯ ಮುಂದೆ ಬಂದು ಕೈ ಮುಗಿದು, ಆ ತಾಯಿಯ ಪರವಾಗಿ ಕ್ಷಮೆ ಕೇಳುವುದು. ಗೌಡರ ಮುಖ ಅರಳಿತು. "ಹಂಗೇನರ ಮಾಡಿದ್ರ ನಾನ ಸವಡಿ ಹೆಣ್ಮಕ್ಳನ್ನ ಟ್ರ್ಯಾಕ್ಟರ್‌ನ್ಯಾಗ ಕರ್ಕೊಂಡ ಬರ್ತೀನಿ. ಎಲ್ಲಾರ ಮುಂದ ಹೊಸಾ ವೀಳ್ಯಾ ಕೊಡ್ತೀನಿ," ಎಂದರು.

ಸಂಜೆ ಜೈತುನಬಿಯ ಮನೆಗೆ ಹೋದೆ. ಓಣಿಯಲ್ಲಿ ಗಂಜಿ ಹಾಕಿದ ಹಾಸುನೂಲು ಉದ್ದಕ್ಕೂ ಎಳೆದು ಒಣಗಿಸಿದ್ದರು, ಬಗ್ಗಿಕೊಂಡೇ ದಾಟಬೇಕು. ನಾನು ಹೇಳಿದ್ದನ್ನೆಲ್ಲ ಆಕೆ ಅಡಿಕೆ ಕತ್ತರಿಸುತ್ತ ಕೇಳಿದಳು.

"ಮೂವತ್ ವರ್ಸ ಕಡೀ ಸೀನಿನ್ಯಾಗ ಕಾಲಿಗೆ ಬಿದ್ದೀನಿ ಮ್ಯಾನೇಜರ್ರ," ಎಂದಳು. "ಬಿದ್ ಬಿದ್ ಮೊಣಕಾಲ ಚಿಪ್ಪು ಸವದಾವು. ಇದೊಂದ್ ಸಲ ಬೀಳಲಿಲ್ಲ. ಆಕೀ ಬೀಳೂ ಪೈಕಿನ ಅಲ್ಲ. ಈಗ ನೀವು ಇದಕ್ಕೂ ಬೀಳು ಅಂತೀರಿ."

"ಸವಡಿ ಬಿಟ್ರ ರೋಣದವ್ರು ಬಿಡ್ತಾರ, ನರಗುಂದದವ್ರು ಬಿಡ್ತಾರ. ಈ ಬ್ಯಾಸಗಿ ಅಷ್ಟ ಅಲ್ಲ, ಮುಂದೂ ಯಾರೂ ವೀಳ್ಯಾ ತರಂಗಿಲ್ಲ."

ಆಕೆ ಇನ್ನೊಂದು ಅಡಿಕೆ ಕತ್ತರಿಸಿದಳು. ಮಾತು ಬದಲಿಸಲು ನಾನು, ಆ ಅರ್ಧ ರೊಟ್ಟಿಯ ಮೇಲೆ ತಾಟು ಮುಚ್ಚಿದ್ದು ಮಾತ್ರ ಬಹಳ ಚೆನ್ನಾಗಿತ್ತು, ಅದು ಡೈರೆಕ್ಟರ್ ಹೇಳಿಕೊಟ್ಟದ್ದೋ ಎಂದು ಕೇಳಿದೆ. ಅಷ್ಟೊತ್ತಿನಲ್ಲಿ ಆಕೆ ನಕ್ಕಿದ್ದು ಅದೊಂದೇ ಸಲ.

"ಮುಂಜಾನಿಂದ ಅದನ್ನ ತಗದ್ರು, ತಗದ್ರು. ಪ್ರತೀ ಸಲ ಹೊಸಾ ರೊಟ್ಟಿ. ಕಡೀಕ ಹೊಟ್ಟಿ ಬಿರಿಯುವಷ್ಟ ಆಗಿತ್ತು, ಇನ್ನೊಂದ್ ತುತ್ತ ಇಳೀಲಿಲ್ಲ. ಮುಚ್ಚಿಟ್ಟೆ. ಆ ಹುಡುಗ ಭಾಳ ಚಲೋ ಆತು ಅಂದ." ಅಡಿಕೆ ಬಾಯಿಗೆ ಹಾಕಿಕೊಂಡು ಎದ್ದಳು. "ಐತವಾರ ಬರ್ತೀನಿ. ಏನ್ ಮಾತಾಡ್ತೀನಂತ ಈಗ ಕೇಳಬ್ಯಾಡ್ರಿ."

ಆ ಕೊನೆಯ ಮಾತು ನನಗೆ ಒಗ್ಗಲಿಲ್ಲ. ಆದರೂ ಶುಕ್ರವಾರ, ಶನಿವಾರ ಆಟೋ ಓಡಾಡಿತು. ಜೈತುನಬಿಯವರು ಸ್ವತಃ ಬಂದು ಪ್ರೇಕ್ಷಕರ ಕ್ಷಮೆ ಕೇಳಲಿದ್ದಾರೆ ಎಂದು ಭೋಂಗಾ ಬಸ್ ಸ್ಟ್ಯಾಂಡಿನಿಂದ ಗುಡ್ಡದ ಬುಡದವರೆಗೆ ಒದರಿತು. ಸಿನಿಮಾ ನೋಡದವರೂ ಇದನ್ನು ನೋಡಲು ಬರುವವರಿದ್ದರು.

ಭಾನುವಾರ ಬಿಸಿಲು ಕಣ್ಣು ಬಿಡಗೊಡುತ್ತಿರಲಿಲ್ಲ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಗುಡ್ಡದ ಹಿಂದೆ ಕರಿ ಮೋಡ ಕಟ್ಟಿತು, ಗಾಳಿ ಸತ್ತುಹೋಯಿತು. ಟಾಕೀಸು ತುಂಬಿ, ಹೆಂಗಸರ ಕಡೆ ಗೋಡೆಗೆ ಒರಗಿ ನಿಂತಿದ್ದರು. ಗೌಡರು ಮುಂದಿನ ಸಾಲಿನಲ್ಲಿ ವಸ್ತ್ರದಲ್ಲಿ ವೀಳ್ಯ ಸುತ್ತಿಕೊಂಡು ಕೂತಿದ್ದರು. ರೊಟ್ಟಿಯ ದೃಶ್ಯಕ್ಕೆ ಜನ ಏಳುತ್ತಾರೆಂದು ನನಗೆ ಗೊತ್ತಿತ್ತಲ್ಲ, ನೀಲವ್ವನಿಗೆ ಹೇಳಿದ್ದೆ, ಜೈತುನಬಿ ಮಾತಾಡಿ ಮುಗಿಸುವವರೆಗೆ ಯಾರು ಏನಂದರೂ ಚಿಲಕ ತೆಗೆಯಬೇಡ ಎಂದು. ಗಂಡಸರ ಬಾಗಿಲಿಗೆ ನಾನೇ ನಿಂತೆ.

ಜೈತುನಬಿ ಪರದೆಯ ಹಿಂದಿನ ಇಕ್ಕಟ್ಟಿನಲ್ಲಿ ಕೂತು, ತನ್ನದೇ ದನಿ ಕೇಳುತ್ತ ಕಾದಳು. ಕೊನೆಗೆ ಬೆಳಕು ಬಂತು. ಆಕೆ ಬಣ್ಣವಿಲ್ಲದ ಮುಖದಲ್ಲಿ, ಮನೆಯಲ್ಲುಡುವ ಸೀರೆಯಲ್ಲಿ ಮುಂದೆ ಬಂದಳು. ಅದೇ ನೂಲಿನ ಸೀರೆ. ಯಾರೋ ಮೈಕು ಚಾಚಿದರೆ ಕೈಯಿಂದ ಸರಿಸಿದಳು. ಕೈ ಮುಗಿದಳು.

"ನಾ ಜೈತುನಬಿ. ನನ್ನಿಂದ ಏನರ ತಪ್ಪಾಗಿದ್ರ ನಿಮ್ ಕಾಲಿಗೆ ಬೀಳ್ತೀನಿ," ಎಂದಳು. ಗೌಡರು ವಸ್ತ್ರ ಬಿಚ್ಚಲು ಸುರು ಮಾಡಿದ್ದರು. "ಆದ್ರ ಪಿಚ್ಚರಿನ್ಯಾಗಿನ ಆ ತಾಯಿ ಪರವಾಗಿ ಕ್ಷಮಾ ಕೇಳಾಕ ಬರಂಗಿಲ್ಲ. ಕೇಳು ಅಂತ ಆಕೀ ನನಗ ಹೇಳಿಲ್ಲ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನಿಂದ ಒಬ್ಬ ಒದರಿದ, "ಮತ್ಯಾಕ ಕರದ್ರಿ ನಮ್ಮನ್ನ?" ಇನ್ನೊಬ್ಬ ಕುರ್ಚಿಯ ಮೇಲೆ ಹತ್ತಿದ. ಗೌಡರ ಕೈ ವಸ್ತ್ರದ ಗಂಟಿನಲ್ಲೇ ನಿಂತಿತು. ಆಗ ಹೊರಗೆ ಬಿರುಗಾಳಿ ಎದ್ದು ಮಾಡಿನ ತಗಡು ಬಡಿದವು, ಕರೆಂಟು ಹೋಯಿತು.

ಕಗ್ಗತ್ತಲು. ಫ್ಯಾನು ನಿಂತವು, ಸೆಕೆ ಒಮ್ಮೆಲೇ ಕುತ್ತಿಗೆಗೆ ಬಂತು. ಒಂದು ಕೂಸು ಅಳತೊಡಗಿತು, ಅದರ ಹಿಂದೆ ನಾಕು. ಹೆಂಗಸರು ಬಾಗಿಲ ಕಡೆ ನುಗ್ಗಿದರು. "ನೀಲವ್ವಾ, ಬಾಗಲಾ ತಗೀ." "ತಗ್ಯಂಗಿಲ್ಲ, ಮ್ಯಾನೇಜರ್ ಹೇಳ್ಯಾರ." ಆಮೇಲೆ ಆ ಸದ್ದು ಸುರುವಾಯಿತು. ಅಂಗೈಯಿಂದ ಬಾಗಿಲ ಹಲಗೆ ಬಡಿಯುವ ಸದ್ದು. ಈಗಷ್ಟೇ ಪರದೆಯ ಮೇಲೆ ಕೇಳಿದ್ದು, ಅದೇ. ಗಂಡಸರ ಕಡೆಯೂ ಮಾತು ನಿಂತುಬಿಟ್ಟಿತು. ನಾನು ಚಿಲಕ ತೆಗೆಯಲು ಹೇಳಿ ಕೂಗಿದೆ, ನನ್ನ ದನಿ ಅಲ್ಲಿಗೆ ಮುಟ್ಟಲಿಲ್ಲ. ಯಾರಾದರೂ ಕಾಲಡಿ ಬಿದ್ದರೆ ಗತಿ ಏನು.

ಮುಟ್ಟಿದ್ದು ಜೈತುನಬಿಯ ದನಿ. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೆ ಕೇಳಿಸಿದ ದನಿ ಅದು. "ಯವ್ವಾ, ಸರೀರಿ. ಕೂಸುಗೋಳ್ನ ಎತ್ತಿಕೊಳ್ರಿ. ನನಗ ದಾರಿ ಕೊಡ್ರಿ." ಆಕೆ ಮೆಟ್ಟಿಲಿಳಿದು ಆ ಕತ್ತಲಲ್ಲಿ ನಡೆದಳು. ಜನ ಸರಿದರು. ಚಿಲಕ ಕಿರುಗುಟ್ಟಿತು, ಬಾಗಿಲು ತೆರೆಯಿತು. ಕೆಂಪು ದೂಳಿನ ಬೆಳಕು, ಗಾಳಿ, ಮೊದಲ ಮಳೆಯ ದಪ್ಪ ಹನಿ ಒಟ್ಟಿಗೇ ಒಳಗೆ ನುಗ್ಗಿದವು. ಆ ಬೆಳಕಿನಲ್ಲಿ ಜೈತುನಬಿ ಬಾಗಿಲ ತೋಳು ಹಿಡಿದು ನಿಂತಿದ್ದಳು, ಬಗಲಿಗೆ ನೀಲವ್ವ.

ಹೆಂಗಸರ ಗುಂಪಿನಲ್ಲಿ ಯಾರೋ ಅಳುವ ದನಿಯಲ್ಲಿ ಅಂದರು, "ತಗದ್ಲು. ಬಾಗಲಾ ತಗದ್ಲು ನೋಡ್ರೆ." ಸೀಟಿ ಬಿದ್ದವು. ಚಪ್ಪಾಳೆ ಬಿದ್ದವು. ಒಬ್ಬ ಮುದುಕಿ ಮಳೆಯಲ್ಲೇ ನಿಂತು ಆಕೆಯ ಕೆನ್ನೆ ಸವರಿ ಲಟಿಕೆ ಮುರಿದಳು. ಶಂಕ್ರಗೌಡರು ಕಣ್ಣೊರೆಸಿಕೊಳ್ಳುತ್ತ ಬಂದು ವೀಳ್ಯವನ್ನು ಆಕೆಯ ಕೈಗಿಟ್ಟು ಮುಷ್ಟಿ ಮುಚ್ಚಿದರು. ಆಕೆ ತಗೊಂಡಳು. ತಗೊಳ್ಳದೆ ಏನು ಮಾಡಬೇಕಿತ್ತು.

ಜನ ಹೋದ ಮೇಲೆ ನನ್ನ ಕೋಣೆಗೆ ಬಂದಳು, ಸಿಟ್ಟಿಗೆ ಮೂಗು ಕೆಂಪಾಗಿತ್ತು.

"ನಾ ತಗದದ್ದು ಟಾಕೀಸಿನ ಬಾಗಲಾ. ಕೂಸುಗೋಳು ಉಸರು ಕಟ್ಟಿ ಒದ್ದಾಡಾಕತ್ತಿದ್ವು, ತಗದೆ. ಆ ಪಿಚ್ಚರಿನ್ಯಾಗಿಂದು ಮುಚ್ಚಿದ್ದು ಮುಚ್ಚೇ ಐತಿ. ಇವ್ರಿಗೆ ಯಾರು ಹೇಳಬೇಕು?"

"ಬಿಡ್ರಿ ಜೈತುನಮ್ಮ. ಇನ್ನ ಮಂದಿ ಬರ್ತಾರ, ಪಿಚ್ಚರ್ ಓಡತೈತಿ," ಎಂದೆ. ನನಗೆ ಅಷ್ಟು ಸಾಕಾಗಿತ್ತು.

ಬರಲಿಲ್ಲ. ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ. ಚಹಾದಂಗಡಿಯಲ್ಲಿ ಕೂತಿದ್ದಾಗ ಸಿನಿಮಾ ನೋಡಿರದ ಒಬ್ಬ ಇನ್ನೊಬ್ಬನಿಗೆ ಕಥೆ ಹೇಳುತ್ತಿದ್ದ, "ಕಡೀಕ ತಾಯಿ ಬಾಗಲಾ ತಗೀತಾಳಂತಪಾ. ಭಾಳ ಚಲೋ ಐತಂತ." ಆಗ ನನಗೆ ತಿಳಿಯಿತು. ಅವರಿಗೆ ಬೇಕಾಗಿದ್ದ ಕೊನೆ ಸಿಕ್ಕಾಗಿತ್ತು. ಇನ್ನು ಒಳಗೆ ಬಂದು ಮುಚ್ಚಿದ ಬಾಗಿಲನ್ನು ನೋಡುವ ದರ್ದು ಯಾರಿಗಿತ್ತು. ನನ್ನ ಜಾಣತನವೇ ಆ ಸಿನಿಮಾವನ್ನು ಮುಗಿಸಿತ್ತು.

ಗುರುವಾರ ಮಧ್ಯಾಹ್ನದ ಆಟಕ್ಕೆ ಒಬ್ಬರೂ ಇಲ್ಲ. ರದ್ದು ಮಾಡಲು ಹೊರಟಾಗ ನೀಲವ್ವ ಬಂದು ನಿಂತಳು. "ನಾಳೆ ಡಬ್ಬಿ ಹೋಗ್ತಾವಂತ. ಇನ್ನೊಂದ್ ಸಲ ಹಾಕ್ರಿ ಸಾಹೇಬ್ರ. ನಾ ಒಬ್ಬಾಕಿನ ನೋಡ್ತೀನಿ." ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು. ಹಾಕಲು ಹೇಳಿದೆ. ಅಷ್ಟರಲ್ಲಿ ಸವಡಿಯ ತಾಲೀಮಿಗೆ ಹೊರಟಿದ್ದ ಜೈತುನಬಿಯೂ ಬಂದಳು. ಪರದೆಯ ಮುಂದೆ ಕೂತು ತನ್ನ ಸಿನಿಮಾವನ್ನು ಆಕೆ ಇನ್ನೂ ಪೂರ್ತಿ ನೋಡಿರಲಿಲ್ಲ. ಖಾಲಿ ಟಾಕೀಸಿನ ನಡುವೆ ಇಬ್ಬರೂ ಒಂದು ಕುರ್ಚಿ ಬಿಟ್ಟು ಕೂತರು. ನಾನು ಹಿಂದಿನ ಸಾಲಿನಲ್ಲಿ.

ಬಾಗಿಲು ಬಡಿಯುವ ಸದ್ದು ಬಂದಾಗ ನೀಲವ್ವ ಎಂದಿನಂತೆ ಎದ್ದು ನಿಂತಳು. ರೊಟ್ಟಿ ಮುರಿಯಿತು, ತಾಟು ಮುಚ್ಚಿತು, ಬೆಳಗಾಯಿತು, ಅಂಗಳ ಗುಡಿಸಿದ್ದೂ ಆಯಿತು. ಬೆಳಕು ಬಂದ ಮೇಲೂ ಅವಳು ಕೂರಲಿಲ್ಲ.

"ನಾನೂ ಹಿಂಗ ಬಡದಿದ್ನಿರಿ," ಎಂದಳು, ಪರದೆಯ ಕಡೆ ನೋಡುತ್ತಲೇ. "ನಮ್ಮವ್ವ ತಗೀಲಿಲ್ಲ. ಒಳಗ ರೊಟ್ಟಿ ಬಡಿಯೂ ಸಪ್ಪಳ ಕೇಳ್ತಿತ್ತು. ಆಮ್ಯಾಲ ಅದೂ ನಿಂತಿತು. ನಾ ಹೊರಗ ನಿಂತಾಕಿ, ಒಳಗ ಏನ್ ನಡದಿತ್ತಂತ ನನಗೇನ್ ಗೊತ್ತು. ಇದರಾಗ ನೋಡಿದೆ."

ಆಮೇಲೆ ಜೈತುನಬಿಯ ಕಡೆ ತಿರುಗಿದಳು.

"ಆಕೀ ಅರ್ಧಾ ರೊಟ್ಟಿ ಮುಚ್ಚಿಟ್ಲಲ್ರಿ, ಮಗಳಿಗೆ ಅಂತ. ನಮ್ಮವ್ವನೂ ಹಂಗ ಮುಚ್ಚಿಟ್ಟಿರತಾಳೇನ್ರಿ?"

ಜೈತುನಬಿ ನನ್ನ ಕಡೆ ಒಮ್ಮೆ ನೋಡಿದಳು. ಹೊಟ್ಟೆ ತುಂಬಿದ್ದ ಕಥೆ ಅಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ತುಂಬಿದ ಟಾಕೀಸಿನ ಮುಂದೆ ಒಂದು ಸುಳ್ಳು ಹೇಳಲು ಒಪ್ಪದವಳು ಆಕೆ. ನಾನು ತಿರುಗದ ಫ್ಯಾನಿನ ಕಡೆ ನೋಡಿದೆ.

"ಮುಚ್ಚಿಟ್ಟಿರತಾಳವ್ವಾ," ಎಂದಳು ಜೈತುನಬಿ. "ಬೆಳಗಾಗೂತನಾ ಮುಚ್ಚಿಟ್ಟಿರತಾಳ."